ತೊಳೆಯದ ಹಲಗೆ

೧೯೮೭ನೇ ಇಸವಿ ಜನವರಿ ೧೭, ಶನಿವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ಮರಿಯಪ್ಪನ ಜೀಪು ನಮ್ಮ ಮನೆ ಮುಂದೆ ನಿಂತು ಎರಡು ಸಲ ಹಾರ್ನ್ ಹೊಡೆಯಿತು. ನಾನು ಮಫ್ಲರು ಸುತ್ತಿಕೊಂಡು, ಕೋಟಿನ ಜೇಬಿನಲ್ಲಿ ಉಷ್ಣಮಾಪಕ, ಅಳತೆಯ ಟೇಪು, ಒಂದು ಪೊಟ್ಟಣ ಲವಂಗ ಇಟ್ಟುಕೊಂಡು, ಒಂದೇ ಒಂದು ವಾಕ್ಯವನ್ನು ಬಾಯೊಳಗೇ ಉರು ಹೊಡೆಯುತ್ತ ಮೆಟ್ಟಿಲಿಳಿದೆ. ವಾಕ್ಯ ಚಿಕ್ಕದು. ‘ಮರಿಯಪ್ಪ, ನಾನೂ ನಿನ್ನ ತಂಗಿ ನೀಲಾವತಿಯೂ ಮದುವೆಯಾಗಬೇಕು ಅಂತಿದ್ದೇವೆ.’ ಇಷ್ಟು ಹೇಳುವುದಕ್ಕೆ ನನಗೆ ಭಾನುವಾರ ಸಂಜೆಯ ತನಕ ಸಮಯವಿತ್ತು.

ನನಗೆ ಆಗ ಐವತ್ತೊಂದು. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಊರಿನ ನೀರನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ರಸಾಯನಶಾಸ್ತ್ರ ಓದಿದವನಿಗೆ ಬರುವ ಚಟಗಳೆಲ್ಲ ನನಗಿವೆ. ಕಂಡದ್ದನ್ನೆಲ್ಲ ಅಳೆಯುತ್ತೇನೆ. ನೀಲಾವತಿಗೆ ನಲವತ್ತಾರು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಇನ್ನೊಬ್ಬಳ ಜೊತೆ ಹೊರಟುಹೋದ. ಹೋಗುವ ಮೊದಲೇ ಊರಿಗೆಲ್ಲ ಅದು ಗೊತ್ತಾಗಿತ್ತು, ಅವಳ ಅಣ್ಣನಿಗೆ ಮಾತ್ರ ಗೊತ್ತಿರಲಿಲ್ಲ. ಆ ಗಂಡನ ಹಲಗೆಯನ್ನು ಮರುದಿನ ಹಾಕಿಕೊಂಡ ಒಬ್ಬ ಗುಮಾಸ್ತ ಬೆಟ್ಟದಿಂದ ಇಳಿದುಬಂದು ಕ್ಷೌರದ ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದ.

ಹಲಗೆ ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವುದು, ಹೊರಗಿನವರು ಸ್ಕೀ ಅನ್ನುತ್ತಾರಲ್ಲ, ಅದೇ. ನಮ್ಮ ಬೆಟ್ಟದ ಬಾಡಿಗೆ ಹಲಗೆಗಳು, ಯಾರು ಹೊಸದಾಗಿ ಹಾಕಿಕೊಂಡರೂ ಮೊದಲನೆಯ ಸಲ ಹಿಂದಿನವರು ಕೊನೆಗೆ ಹೋದ ದಾರಿಯಲ್ಲೇ ಹೋಗುತ್ತವೆ. ಅವರು ತಿರುಗಿದಲ್ಲಿ ತಿರುಗುತ್ತವೆ, ನಿಂತಷ್ಟು ಹೊತ್ತು ನಿಲ್ಲುತ್ತವೆ, ಬಿದ್ದಲ್ಲಿ ಬೀಳಿಸುತ್ತವೆ. ಒಂದು ಸಲ ಕೆಳಗೆ ಮುಟ್ಟಿದರೆ ಮುಗಿಯಿತು, ಆಮೇಲೆ ನಮ್ಮ ಕಾಲು ಹೇಳಿದಂತೆ. ಆದ್ದರಿಂದ ಹಲಗೆ ವಾಪಸು ಕೊಡುವ ಮುಂಚೆ ತೊಳೆಯುವುದು ನಮ್ಮಲ್ಲಿ ಪದ್ಧತಿ. ತೊಳೆಯುವುದೆಂದರೆ ನೀರು ಹಾಕುವುದಲ್ಲ. ಹಲಗೆ ಬಾಡಿಗೆಗೆ ಸಿಗುವ ಪ್ರತಿ ತಾಣದ ಪಕ್ಕದಲ್ಲೂ ಒಂದು ಬೋಳು ಇಳಿಜಾರು ಇರುತ್ತದೆ. ಅದರ ಮೇಲೆ ಒಂದು ಸಲ ನೆಟ್ಟಗೆ, ಏನನ್ನೂ ನೋಡದೆ, ಯಾರನ್ನೂ ಮಾತಾಡಿಸದೆ ಜಾರಿಬಿಟ್ಟರೆ ಹಳೆಯ ದಾರಿ ಅಳಿಸಿಹೋಗುತ್ತದೆ. ನಿವೃತ್ತರಾದ ಕೆಲವರು ಇದನ್ನು ಕಸುಬು ಮಾಡಿಕೊಂಡಿದ್ದಾರೆ. ಅಷ್ಟು ನೀರಸವಾಗಿ ಜಾರುವುದು ಎಲ್ಲರಿಗೂ ಸಾಧ್ಯವಿಲ್ಲ.

ಇನ್ನೂ ಕೆಲವು ಪದ್ಧತಿಗಳಿವೆ. ಹಲಗೆ ಎಲ್ಲಿಗೆ ಕರೆದುಕೊಂಡು ಹೋಯಿತೆಂದು ಕೆಳಗೆ ಬಂದು ಹೇಳಬಾರದು; ಆ ಗುಮಾಸ್ತನಿಗೆ ಇವತ್ತಿಗೂ ಯಾರೂ ಹೆಣ್ಣು ಕೊಟ್ಟಿಲ್ಲ. ನಡುದಾರಿಯಲ್ಲಿ ಹಲಗೆ ಬಿಚ್ಚಿ ಕಾಲುನಡಿಗೆಯಲ್ಲಿ ಇಳಿಯಬಾರದು. ಹಾಗೆ ಇಳಿದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಮದುವೆ ಮಾತುಕತೆಯಲ್ಲಿ ಜಾತಕ ಕೂಡಿದ ಮೇಲೆ ಹುಡುಗಿಯ ಕಡೆಯ ಹಿರಿಯರೊಬ್ಬರು ಹುಡುಗನ ಹಲಗೆಯನ್ನು ತೊಳೆಯದೆ ಹಾಕಿಕೊಂಡು ಒಂದು ಸಲ ಇಳಿದು ನೋಡುತ್ತಾರೆ. ಇದಕ್ಕೆ ಹಲಗೆ ಶಾಸ್ತ್ರ ಎಂದು ಹೆಸರು. ಹುಡುಗರು ಅದಕ್ಕೆ ಮುಂಚಿನ ವಾರವೆಲ್ಲ ಬಹಳ ಸಭ್ಯರಾಗಿ ಜಾರುತ್ತಾರೆ.

ಇಷ್ಟು ಗೊತ್ತಿದ್ದೂ ಹಿಂದಿನ ಭಾನುವಾರ ನಾನೂ ನೀಲಾವತಿಯೂ ನಡುಕಟ್ಟೆ ತಾಣದಲ್ಲಿ ಭೇಟಿಯಾದೆವು. ಅವಳು ಹೊಲಿಗೆ ಶಾಲೆಯ ಹುಡುಗಿಯರ ಜೊತೆ ಬಂದಿದ್ದಳು. ಹಾಳುಬಿದ್ದ ಎಂಜಿನ್ ಮನೆಯ ಹಿಂದೆ, ಗೋಡೆಯ ಮರೆಯಲ್ಲಿ ನಿಂತು ನಾವು ನಮ್ಮ ಮುಂದಿನ ಬದುಕನ್ನು ತೀರ್ಮಾನ ಮಾಡಿಕೊಂಡೆವು. ಕೊನೆಗೆ ಅವಳು ಹೇಳಿದಳು: “ನೋಡಿ, ಹೋದ ಸಲ ಅಣ್ಣ ನನ್ನ ವಿಷಯವನ್ನ ಕ್ಷೌರದ ಅಂಗಡೀಲಿ ಕೇಳಿದ. ಅರ್ಧ ಗಡ್ಡ ಹಾಗೇ ಬಿಟ್ಟು ಎದ್ದು ಮನೆಗೆ ಬಂದಿದ್ದ. ಆ ಮುಖ ನಾನು ಇನ್ನೊಂದ್ಸಲ ನೋಡೋದಿಲ್ಲ. ಈ ಸಲ ಅವನಿಗೆ ಮೊದಲು ನಿಮ್ಮ ಬಾಯಿಂದ ಗೊತ್ತಾಗಬೇಕು. ಬೇರೆ ಎಲ್ಲಿಂದ ಗೊತ್ತಾದ್ರೂ ಇದು ಇಲ್ಲಿಗೇ ಮುಗೀತು. ಮುಂದಿನ ಭಾನುವಾರ ನೀವು ಬೆಟ್ಟದಿಂದ ಇಳಿದಾಗ ಊಟಕ್ಕೆ ಬನ್ನಿ. ಹೇಳಿದ್ರೆ ಮಾತ್ರ ಬನ್ನಿ.”

ಹೇಳುವುದೇನು ಮಹಾ, ನಲವತ್ತು ವರ್ಷದ ಗೆಳೆಯ, ಎಂದುಕೊಂಡೆ.

ಪ್ರತಿ ಜನವರಿಯಲ್ಲೂ ನಾವು ಮೂವರು ಗೆಳೆಯರು ಹೀಗೆ ಎರಡು ದಿನ ಬೆಟ್ಟದ ತಾಣಗಳನ್ನು ಸುತ್ತಿ ಬರುತ್ತೇವೆ. ಜೀಪು ಓಡಿಸುವುದು ಮರಿಯಪ್ಪ. ಬಸ್ಸುಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನ ಮಾಲೀಕ, ದೊಡ್ಡ ಆಳು, ಅದಕ್ಕೆ ತಕ್ಕ ಹೊಟ್ಟೆ. ಹಿಂದಿನ ಸೀಟಿನಲ್ಲಿ ಜಯದೇವ. ಸಿಹಿತಿಂಡಿ ಅಂಗಡಿಯವನು, ಗಿಡ್ಡ, ಹೊಟ್ಟೆಯಲ್ಲಿ ಮರಿಯಪ್ಪನಿಗೇನೂ ಕಡಿಮೆಯಿಲ್ಲ. ಬಗ್ಗಿ ತನ್ನ ಶೂ ಲೇಸು ತಾನೇ ಕಟ್ಟಿಕೊಂಡು ಎಷ್ಟೋ ವರ್ಷವಾಗಿತ್ತು. ನಡುವೆ ಒಂದು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ.

ಮೊದಲ ತಿರುವಿನಲ್ಲಿ ನಾನು ಗಂಟಲು ಸರಿಮಾಡಿಕೊಂಡೆ. “ಮರಿಯಪ್ಪ, ಒಂದು ಮಾತು.”

“ವಾಂತಿ ಬರುತ್ತಾ? ನಿಲ್ಲಿಸ್ಲಾ?”

“ಇಲ್ಲ, ಅದಲ್ಲ.”

“ಹಾಗಾದ್ರೆ ಆಮೇಲೆ ಹೇಳು. ಈ ತಿರುವಲ್ಲಿ ಮಾತಾಡಿದ್ರೆ ನನಗೆ ಗೇರು ತಪ್ಪುತ್ತೆ.”

ಅವನ ತಿರುವುಗಳು ಮುಗಿಯಲೇ ಇಲ್ಲ. ಮಧ್ಯಾಹ್ನ ಹಳದಿ ಗೇಟು ತಾಣದಲ್ಲಿ ಬಿಸಿ ಬಜ್ಜಿ ತಿನ್ನುವಾಗ ಮತ್ತೆ ಶುರು ಮಾಡಿದೆ. ಮರಿಯಪ್ಪ ತಾನಾಗಿಯೇ ನೀಲಾವತಿಯ ಮಾತೆತ್ತಿದ. ಹುಬ್ಬಳ್ಳಿಯ ಕಡೆಯ ವಿಧುರನೊಬ್ಬನ ಸಂಬಂಧ ಬಂದಿತ್ತಂತೆ, ಬೇಡ ಅಂದಳಂತೆ. “ಯಾಕೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ನೀನಾದ್ರೂ ಒಂದು ಮಾತು ಬುದ್ಧಿ ಹೇಳೋ. ನಿನ್ನ ಮಾತು ಅಂದ್ರೆ ಕೇಳ್ತಾಳೆ,” ಅಂದ. ಜಯದೇವ ಬಜ್ಜಿ ಮುರಿಯುತ್ತ, “ಇವನ ಮಾತು ಯಾರು ಕೇಳ್ತಾರೆ, ನಮ್ಮನೆ ನಲ್ಲಿ ನೀರೇ ಕೇಳಲ್ಲ,” ಅಂದ. ಮರಿಯಪ್ಪ ಜೋರಾಗಿ ನಕ್ಕ. ಆ ನಗುವಿನ ಮೇಲೆ ನನ್ನ ವಾಕ್ಯವನ್ನು ಇಡುವುದು ಸಾಧ್ಯವಿರಲಿಲ್ಲ. ಶನಿವಾರ ಹಾಗೆ ಹೋಯಿತು.

ಭಾನುವಾರ ಬೆಳಿಗ್ಗೆ ನಡುಕಟ್ಟೆಗೆ ಬಂದೆವು. ಅಲ್ಲಿ ಹಲಗೆ ಬಾಡಿಗೆ ಕೊಡುವವರು ಸಿಸಿಲಿಯಮ್ಮ. ಕೈಯಲ್ಲಿ ಹೆಣಿಗೆ ಹಿಡಿದು, ತಲೆಯೆತ್ತದೆ, ಗಿರಾಕಿಗೆ ತಕ್ಕ ಜೋಡಿ ಆರಿಸಿಕೊಡುತ್ತಾರೆ. ತೊಳೆದ ಜೋಡಿಗೆ ಒಂದು ಬೆಲೆ, ಯಾರಾದರೂ ಒಳ್ಳೆಯ ಜಾರುಗಾರರು ಬೇಕೆಂದೇ ತೊಳೆಯದೆ ಬಿಟ್ಟ ಜೋಡಿಗೆ ಇನ್ನೊಂದು. “ಇದು ದಂತವೈದ್ಯರದ್ದು, ಎಲ್ಲೂ ನಿಲ್ಲಲ್ಲ. ಇದು ಹೊಸಾ ದಂಪತಿಗಳದ್ದು, ಬೇಡಪ್ಪ, ನಿಮಗೆ ಆಗಿಬರಲ್ಲ,” ಎಂದು ಮರಿಯಪ್ಪನಿಗೆ ಹೇಳುತ್ತಿದ್ದರು. ಮರಿಯಪ್ಪ ಕೊನೆಯ ಸಾಲಿನಿಂದ ತಾನೇ ಒಂದು ಜೋಡಿ ಇಳಿಸಿಕೊಂಡ. ಎಡ ಹಲಗೆಯ ಮೂತಿಯಲ್ಲಿ ಹಳದಿ ಬಣ್ಣ ಕಿತ್ತುಹೋಗಿತ್ತು. ಅದನ್ನು ಕಂಡು ನಾನು ನಿಂತಲ್ಲೇ ನಿಂತೆ.

ಅದು ನನ್ನ ಜೋಡಿ. ಹೋದ ಭಾನುವಾರ ನಾನು ಅದನ್ನು ತೊಳೆದಿರಲಿಲ್ಲ.

ಸ್ಟವ್ ಆರಿಸಿದೆನೇ ಎಂದು ನೋಡಲು ಬೀದಿಯ ತುದಿಯಿಂದ ವಾಪಸು ಬರುವವನು ನಾನು. ಎಂಜಿನ್ ಮನೆಯಿಂದ ಇಳಿದ ಮೇಲೆ ನಾನೂ ಅವಳೂ ಎಷ್ಟು ಸಂತೋಷದಲ್ಲಿದ್ದೆವೆಂದರೆ, ಬೋಳು ಇಳಿಜಾರಿನ ಕಡೆ ಇಬ್ಬರೂ ತಿರುಗಿ ಕೂಡ ನೋಡದೆ, ಹಲಗೆಗಳನ್ನು ಮೊಳೆಗೆ ತೂಗುಹಾಕಿ ಹೊರಟುಬಂದಿದ್ದೆವು. ವಾರದ ದಿನಗಳಲ್ಲಿ ಬೆಟ್ಟದ ರಸ್ತೆ ಮುಚ್ಚಿರುತ್ತದೆ. ಶನಿವಾರ ಆ ಸಾಲಿನ ತನಕ ಯಾರೂ ಕೈಚಾಚಿರಲಿಲ್ಲ. ಪಕ್ಕದ ಮೊಳೆಯಲ್ಲಿದ್ದ ಜೋಡಿಯನ್ನು ಜಯದೇವ ಆಗಲೇ ಕಾಲಿಗೆ ಹಿಡಿದು ನೋಡುತ್ತಿದ್ದ. ನೀಲಾವತಿ ಹೆಂಗಸರಲ್ಲಿ ಉದ್ದ, ಜಯದೇವ ಗಂಡಸರಲ್ಲಿ ಗಿಡ್ಡ. ಅವಳ ಹಲಗೆ ಅವನಿಗೆ ಸರಿಯಾಗಿ ಒಪ್ಪಿತು.

“ಆ ಜೋಡಿ ನನಗೆ ಕೊಡು ಮರಿಯಪ್ಪ,” ಅಂದೆ.

“ಯಾಕೆ?”

“ಅದರ ಅಡಿ ಸವೆದಿದೆ. ನಿನ್ನ ತೂಕಕ್ಕೆ ಅಪಾಯ.”

“ನನ್ನ ತೂಕದ ಮೇಲೆ ನಿನಗ್ಯಾಕೋ ಕಣ್ಣು? ಸಿಸಿಲಿಯಮ್ಮ, ಇದು ಯಾರದ್ದು?”

“ಗೊತ್ತಿಲ್ಲಪ್ಪ, ಸುಮ್ನೆ ನೇತಾಡ್ತಿತ್ತು. ತೊಳ್ದೇ ಇರ್ತಾರೆ. ಮೊಳೆಗೆ ಇಷ್ಟು ನೀಟಾಗಿ ತೂಗುಹಾಕಿರೋರು ತೊಳೀದೆ ಬಿಡ್ತಾರಾ?”

ಅಲ್ಲಿಯೇ, ಅಂಗಡಿಯಲ್ಲಿಯೇ ಹೇಳಿಬಿಡಬಹುದಿತ್ತು. ಆದರೆ ನನ್ನ ಹಿಂದೆ ಆರು ಜನ ಸಾಲಿನಲ್ಲಿ ನಿಂತಿದ್ದರು, ಅವರಲ್ಲಿ ಇಬ್ಬರು ನಮ್ಮ ಬೀದಿಯವರು. ಅಣ್ಣನಿಗಿಂತ ಮೊದಲು ಬೀದಿಗೆ ಗೊತ್ತಾದರೆ ಅದೂ ಅದೇ ಕ್ಷೌರದ ಅಂಗಡಿಯೇ. ನಾನು ಬಾಯಿ ಮುಚ್ಚಿಕೊಂಡು ಸಿಸಿಲಿಯಮ್ಮ ಕೊಟ್ಟ ಜೋಡಿಯನ್ನು ತೆಗೆದುಕೊಂಡೆ. “ಇದು ನಿನ್ನೆ ಒಬ್ಬರು ಬ್ಯಾಂಕಿನವರು ಹಾಕಿದ್ದು. ಪಾಪ, ಮೊದಲನೇ ಸಲವಂತೆ. ತೊಳೆದುಕೊಡೋ ಶಕ್ತೀನೂ ಉಳಿದಿರಲಿಲ್ಲ,” ಅಂದರು. ನನಗೆ ಆಗ ಅದರ ಅರ್ಥ ಯೋಚಿಸುವಷ್ಟು ವ್ಯವಧಾನವಿರಲಿಲ್ಲ.

ತಂತಿಗೆ ನೇತುಬಿದ್ದ ಕುರ್ಚಿಗಳು ಒಬ್ಬೊಬ್ಬರನ್ನೇ ಮೇಲಕ್ಕೆ ಒಯ್ದವು. ಮರಿಯಪ್ಪ ಮುಂದಿನ ಕುರ್ಚಿಯಲ್ಲಿ, ನಾನು ಹಿಂದೆ, ಜಯದೇವ ನನ್ನ ಹಿಂದೆ. ತುದಿಯಲ್ಲಿ ಅವನನ್ನು ಹಿಡಿದು ನಿಲ್ಲಿಸಬೇಕು ಎಂದುಕೊಂಡಿದ್ದೆ. ನಾನು ಕುರ್ಚಿಯಿಂದ ಇಳಿಯುವಷ್ಟರಲ್ಲಿ ನನ್ನ ಹಲಗೆ ಅವನನ್ನು ಕರೆದುಕೊಂಡು ಹೊರಟಾಗಿತ್ತು.

ಆ ಇಳಿಜಾರಿನುದ್ದಕ್ಕೂ ಹವಾಮಾನ ಇಲಾಖೆಯವರು ನೆಟ್ಟ ಕಂಬಗಳಿವೆ, ಒಂದೊಂದಕ್ಕೂ ಒಂದು ಉಷ್ಣಮಾಪಕ. ನನ್ನ ಲೆಕ್ಕದಲ್ಲಿ ಅವನ್ನು ನಿಂತು ಓದುವ ಮನುಷ್ಯ ಈ ಬೆಟ್ಟದಲ್ಲಿ ಒಬ್ಬನೇ. ಮೊದಲ ಕಂಬದ ಹತ್ತಿರ ಮರಿಯಪ್ಪ ಗಕ್ಕನೆ ನಿಂತ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಮತ್ತೆ ಹೊರಟ. ಎರಡನೆಯ ಕಂಬದಲ್ಲೂ ಹಾಗೇ ನಿಂತ. ಆಮೇಲೆ ಹಲಗೆ ಅವನನ್ನು ಎರಡು ಹೆಜ್ಜೆ ಹಿಂದಕ್ಕೆ ತಂದು ಅದೇ ಉಷ್ಣಮಾಪಕವನ್ನು ಇನ್ನೊಂದು ಸಲ ತೋರಿಸಿತು. ಕೆಳಗಿನಿಂದ ಅವನ ಧ್ವನಿ ಕೇಳಿಸಿತು.

“ಚಿದಂಬರಾ, ಇದು ನಿನ್ನ ಹಲಗೆ ಕಣೋ.”

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅದೇ ಜಾಗದಲ್ಲಿ ಬ್ಯಾಂಕಿನವರು ಬಿದ್ದಿದ್ದರು.

ಎದ್ದೆ. ಸ್ವಲ್ಪ ದೂರ ಜಾರಿದೆ. “ಮರಿಯಪ್ಪಾ, ನಿಂತ್ಕೋ, ನಾನೂ ನಿನ್ನ ತಂಗೀನೂ—” ಅನ್ನುವಷ್ಟರಲ್ಲಿ ಬ್ಯಾಂಕಿನವರು ಮತ್ತೆ ಬಿದ್ದರು, ಈ ಸಲ ಮುಖ ಮುಂದಾಗಿ. ನನ್ನ ವಾಕ್ಯದ ಉಳಿದ ಭಾಗ ಹಿಮದೊಳಗೆ ಹೋಯಿತು. ಪಕ್ಕದಲ್ಲೇ ಜಯದೇವ ತೇಲಿಕೊಂಡು ಹೋದ. ಅವನು ಜನ್ಮದಲ್ಲಿ ಅಷ್ಟು ಚೆಂದವಾಗಿ ಜಾರಿರಲಿಲ್ಲ. ಸೊಂಟ ಸ್ವಲ್ಪ ಬಳುಕಿಸಿ, ಎಡಗಾಲೊಂದರಲ್ಲೇ ಮೆಲ್ಲಗೆ ಬ್ರೇಕು ಹಾಕುತ್ತ, ಅಗಲವಾದ ತಿರುವುಗಳಲ್ಲಿ ಹೋಗುತ್ತಿದ್ದ. “ಏನೋ ಇದು, ಎಷ್ಟು ಹಗುರಾಗಿದೀನಿ ನಾನು,” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಆ ಎಡಗಾಲಿನ ಬ್ರೇಕು ಈ ಬೆಟ್ಟದಲ್ಲಿ ಇನ್ನು ಯಾರಿಗೂ ಇಲ್ಲ. ಚಿಕ್ಕಂದಿನಲ್ಲಿ ಬಲ ಮೊಣಕಾಲಿಗೆ ಪೆಟ್ಟಾದಾಗ ಮರಿಯಪ್ಪನೇ ತಂಗಿಗೆ ಅದನ್ನು ಕಲಿಸಿದ್ದು.

ಮರಿಯಪ್ಪ ಆಗಲೇ ಮುಖ್ಯ ದಾರಿಯನ್ನು ಬಿಟ್ಟು ಎಂಜಿನ್ ಮನೆಯ ಕಡೆ ಹೊರಳಿದ್ದ. ಅಲ್ಲಿ ಹಲಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಜಯದೇವ ಅಲ್ಲಿಗೆ ಬಂದು ಅವನೆದುರು ನಿಲ್ಲುತ್ತಾನೆ. ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ನನ್ನ ಕಾಲಲ್ಲಿದ್ದ ಹಲಗೆಗೋ ಇನ್ನೂ ಎಷ್ಟು ಬೀಳುವುದು ಬಾಕಿಯಿತ್ತೋ.

ನಾನು ಕೂತು ಹಲಗೆ ಬಿಚ್ಚಿದೆ.

ಮೇಲಿನ ಕುರ್ಚಿಗಳಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿದರು. ನಮ್ಮ ಬೀದಿಯವರೊಬ್ಬರು, “ಅಯ್ಯೋ, ನೀರಿನ ಚಿದಂಬರಯ್ಯ ಹಲಗೆ ಬಿಚ್ತಾ ಇದಾರೆ, ಏನಿದೆಯೋ ಏನೋ,” ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಮಾನ ಅಲ್ಲಿಗೆ ಹೋಯಿತು. ಹೋದರೆ ಹೋಗಲಿ ಎಂದು ಹಲಗೆಗಳನ್ನು ಹಿಮದಲ್ಲೇ ಬಿಟ್ಟು, ಮೊಣಕಾಲುದ್ದ ಹೂತುಕೊಂಡು, ಅಡ್ಡಹಾದಿಯಲ್ಲಿ ನೇರ ಕೆಳಕ್ಕೆ ಓಡಿದೆ. ಓಡಿದೆ ಅನ್ನುವುದು ಮರ್ಯಾದೆಯ ಮಾತು. ಅರ್ಧ ದಾರಿ ಉರುಳಿದೆ.

ಎಂಜಿನ್ ಮನೆಯ ಹಿಂದೆ ಮರಿಯಪ್ಪ ಒಬ್ಬನೇ ನಿಂತಿದ್ದ. ಹಲಗೆ ಅವನನ್ನು ಪಟ್ಟಾಗಿ ಹಿಡಿದುಕೊಂಡಿತ್ತು. ನಾನು ಹೋದ ವಾರ ನಿಂತಿದ್ದ ಜಾಗದಲ್ಲೇ, ನಾನು ನೋಡಿದ್ದ ದಿಕ್ಕಿಗೇ, ಯಾರಿಗೋ ಕಾಯುವವನ ಹಾಗೆ ನಿಂತಿದ್ದ. ಇಳಿಜಾರಿನ ಒಂದು ತುಂಡು ಅಲ್ಲಿಂದ ಕಾಣುತ್ತದೆ. ನನಗೆ ಅದು ಚೆನ್ನಾಗಿ ಗೊತ್ತು, ಹೋದ ವಾರ ನೀಲಾವತಿ ಬರುವುದನ್ನು ನಾನು ಅಲ್ಲಿಂದಲೇ ನೋಡಿದ್ದೆ.

“ಮರಿಯಪ್ಪ,” ಅಂದೆ. ಉಸಿರು ಸಿಗಲಿಲ್ಲ. ಉರು ಹೊಡೆದ ವಾಕ್ಯ ತಲೆಯಲ್ಲಿ ಎಲ್ಲಿಯೂ ಸಿಗಲಿಲ್ಲ. “ನಾನು, ನೀಲಾ. ಇಬ್ರೂ. ಹೋದ ವಾರ ಇಲ್ಲೇ ಮಾತಾಡಿದ್ವಿ. ಮದುವೆ ಆಗೋಣ ಅಂತ. ನಿನಗೆ ನಾನೇ ಹೇಳಬೇಕು ಅಂತ ನಿನ್ನೆ ಬೆಳಗ್ಗೆಯಿಂದ ಒದ್ದಾಡ್ತಿದೀನಿ.”

ಅವನು ನನ್ನ ಕಡೆ ತಿರುಗಲಿಲ್ಲ. ಇಳಿಜಾರನ್ನೇ ನೋಡುತ್ತಿದ್ದ.

“ಊರಲ್ಲಿ ಯಾರಿಗೆ ಗೊತ್ತು?” ಎಂದು ಕೇಳಿದ.

“ನಿನಗೇ ಮೊದಲು.”

“ನಿಜ ಹೇಳು. ಜಯದೇವನಿಗೆ?”

“ಇಲ್ಲ.”

ಜಯದೇವ ಆಗ ಗೋಡೆಯ ತಿರುವಿನಲ್ಲಿ ಕಾಣಿಸಿಕೊಂಡ. ಎಡಗಾಲಿನಲ್ಲಿ ಬ್ರೇಕು ಹಾಕಿ, ಹಿಮದ ಪುಡಿಯನ್ನು ಚೂರೂ ಎಬ್ಬಿಸದೆ, ಮರಿಯಪ್ಪನ ಎದುರಿಗೆ ಬಂದು ನಿಂತ. “ಲೋ, ನೀನಿಲ್ಲೇನು ಮಾಡ್ತಿದೀಯ? ನೀನೂ ಇಲ್ಲೇ ಇದೀಯಾ ಚಿದಂಬರ? ನಿನ್ನ ಹಲಗೆ ಎಲ್ಲೋ?” ಎಂದು ಕೇಳಿದ. ಮರಿಯಪ್ಪ ಜಯದೇವನ ಎಡಗಾಲನ್ನು ಬಹಳ ಹೊತ್ತು ನೋಡಿದ.

“ಅದನ್ನ ನಾನು ಕಲಿಸಿದ್ದು,” ಅಂದ, ನನಗೆ. “ಅಳ್ತಾ ಕಲಿತಳು.”

“ಏನು ಕಲಿಸಿದ್ದು? ಯಾರು ಅತ್ತಿದ್ದು?” ಅಂದ ಜಯದೇವ.

“ನೀನು ಸುಮ್ನಿರು. ಚಿದಂಬರ, ಮನೇಲಿ ಅವಳು ಕೇಳ್ತಾಳೆ, ಯಾರು ಹೇಳಿದ್ರು ಅಂತ. ನಾನು ಹೇಳ್ತೀನಿ, ಇವನು ಬಂದು ತಾನೇ ಹೇಳಿದ, ನಾನು ಆಮೇಲೆ ನೋಡಿದೆ ಅಂತ.” ಸ್ವಲ್ಪ ತಡೆದು, “ಹಾಗೇ ಅಲ್ವಾ ಆಗಿದ್ದು?” ಅಂದ.

ಹಾಗೇ ಆಗಿದ್ದೇ? ನಾನು ಮಾತು ಮುಗಿಸುವ ಮುಂಚೆಯೇ ಅವನು ಮೇಲಿನ ಇಳಿಜಾರಿನಲ್ಲಿ ಜಯದೇವನ ಕಾಲಲ್ಲಿ ತಂಗಿಯ ಆ ತಿರುವುಗಳನ್ನು ಕಂಡಿದ್ದನೇ, ಕಂಡೂ ನನ್ನ ಬಾಯಿಂದ ಬರಲಿ ಎಂದು ಕಾದನೇ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಗೇರು ತಪ್ಪುತ್ತದೆ ಎಂದು ಹೇಳಿದ್ದಾನೆ, ಒಂದು ಸಲ ನಾವು ಜೀಪಿನಲ್ಲೇ ಇರಲಿಲ್ಲ. “ಹೌದು,” ಅಂದೆ ಅವತ್ತು.

ಅಷ್ಟರಲ್ಲಿ ಹಲಗೆಗಳು ಅಲುಗಿದವು. ಹೋದ ವಾರ ಮಾತು ಮುಂದುವರಿದ ಹಾಗೆ ನಾನೂ ಅವಳೂ ಹತ್ತಿರ ಸರಿದಿದ್ದೆವು. ನನಗೆ ಅದು ನೆನಪಿತ್ತು, ಹಲಗೆಗಳಿಗೆ ಇನ್ನೂ ಚೆನ್ನಾಗಿ ನೆನಪಿತ್ತು. ಎರಡು ಜೊತೆ ಹಲಗೆಗಳ ಮೂತಿಗಳು ಬಾಚಣಿಗೆಯ ಹಲ್ಲುಗಳ ಹಾಗೆ ಒಂದರೊಳಗೊಂದು ಸೇರಿಕೊಂಡವು. ಮರಿಯಪ್ಪನೂ ಜಯದೇವನೂ ನಿಧಾನವಾಗಿ ಒಬ್ಬರ ಕಡೆಗೊಬ್ಬರು ಬಂದರು. ಮೊದಲು ಹೊಟ್ಟೆಗಳು ತಾಗಿದವು.

“ಯಾರದೋ ಇದು ಹಲಗೆ?” ಅಂದ ಜಯದೇವ, ಗಾಬರಿಯಾಗಿ. “ಬಿಚ್ಚಿಬಿಡೋ ಮರಿಯಪ್ಪ.”

“ನಾನು ಬಿಚ್ಚಲ್ಲ. ನೀನು ಬೇಕಾದ್ರೆ ಬಿಚ್ಚು.”

“ನನಗೆ ಬಗ್ಗೋಕ್ಕಾಗಲ್ಲ ಅಂತ ನಿನಗೆ ಗೊತ್ತಿಲ್ವಾ?”

ಹಲಗೆಗಳು ಇನ್ನೂ ಸ್ವಲ್ಪ ಸರಿದವು. ಹೊಟ್ಟೆಗಳು ಒಂದನ್ನೊಂದು ಒತ್ತಿಕೊಂಡು ಪಕ್ಕಕ್ಕೆ ಹರಡಿದವು. ಬೀಳದಿರಲೆಂದು ಜಯದೇವ ಮರಿಯಪ್ಪನ ಭುಜ ಹಿಡಿದುಕೊಂಡ. “ಬೆಳ್ಳುಳ್ಳಿ ಚಟ್ನಿ ತಿಂದಿದೀಯ ನೀನು,” ಅಂದ.

“ಮುಖ ಆ ಕಡೆ ತಿರುಗಿಸು.”

“ತಿರುಗಿಸಿದ್ರೆ ಕಿವಿ ನಿನ್ನ ಬಾಯಿಗೆ ಬರುತ್ತೆ.”

ಮರಿಯಪ್ಪನ ಹೊಟ್ಟೆ ಕುಲುಕಲು ಶುರುವಾಯಿತು. ಅದು ನಗುವೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು, ಏಕೆಂದರೆ ಮುಖ ಜಯದೇವನ ಮಫ್ಲರಿನ ಹಿಂದೆ ಇತ್ತು. ಅವನು ನಕ್ಕಷ್ಟೂ ಜಯದೇವ ಮೇಲೆ ಕೆಳಗೆ ಆಡುತ್ತಿದ್ದ. ಕೊನೆಗೆ ಮರಿಯಪ್ಪ ಕಣ್ಣೊರೆಸಿಕೊಂಡು, ನನ್ನ ಕಡೆ ಓರೆಯಾಗಿ ನೋಡಿ, “ಜಾತಕ ಗೀತಕ ಎಲ್ಲ ಬಿಡು. ಹುಡುಗಿ ಕಡೆ ಹಿರಿಯ ಹುಡುಗನ ಹಲಗೆ ಹಾಕಿ ನೋಡೋ ಶಾಸ್ತ್ರ ಒಂದು ಆಗಿಹೋಯ್ತು,” ಅಂದ. “ಹುಡುಗ ದಾರೀಲಿ ಐದು ಕಂಬಕ್ಕೆ ಜ್ವರ ನೋಡಿದ. ಅದು ಬಿಟ್ರೆ ದೋಷ ಏನೂ ಕಾಣ್ಲಿಲ್ಲ.”

ಜಯದೇವನಿಗೆ ಆಗ ಅರ್ಥವಾಯಿತು. ಅವನು ತನ್ನ ಕಾಲನ್ನು ನೋಡಲು ಪ್ರಯತ್ನಿಸಿ, ಹೊಟ್ಟೆ ಅಡ್ಡವಾಗಿ, ಬಿಟ್ಟುಬಿಟ್ಟ. “ಹಾಗಾದ್ರೆ ನಾನು ಈಗ ನೀಲಮ್ಮನಾ?” ಎಂದು ಕೇಳಿದ. “ಮದುವೆ ಲಾಡು ನನ್ನ ಅಂಗಡೀದೇ. ಈ ಕಷ್ಟಕ್ಕೆ ಅಷ್ಟಾದ್ರೂ ಬೇಕು.”

“ಇನ್ನೂ ಎಷ್ಟು ಹೊತ್ತೋ ನಿಂತಿದ್ರಿ ನೀವು?” ಎಂದು ಮರಿಯಪ್ಪ ನನ್ನನ್ನು ಕೇಳಿದ.

“ಸ್ವಲ್ಪ ಹೊತ್ತು,” ಅಂದೆ. ಗಡಿಯಾರ ನೋಡಿಕೊಳ್ಳದಿದ್ದದ್ದು ಅದೊಂದೇ ಸಲ.

“ಎಲ್ಲಾನೂ ಅಳೀತೀಯಲ್ಲ, ತೆಗಿ ಆ ಟೇಪು. ನನಗೆ ಹೊಟ್ಟೆ ಅಡ್ಡ, ಕೆಳಗೆ ಕಾಣಲ್ಲ. ನಿನ್ನ ಶೂ ಎಲ್ಲಿತ್ತು, ನನ್ನ ತಂಗಿ ಶೂ ಎಲ್ಲಿತ್ತು, ನಡುವೆ ಎಷ್ಟು ಜಾಗ ಬಿಟ್ಟಿದ್ರಿ ಅಂತ ಅಣ್ಣನಾಗಿ ನನಗೆ ಗೊತ್ತಾಗಬೇಕು. ಸುಳ್ಳು ಹೇಳಬೇಡ.”

ನಾನು ಹಿಮದಲ್ಲಿ ಮೊಣಕಾಲೂರಿದೆ. ಇಬ್ಬರ ಹೊಟ್ಟೆಯ ನೆರಳಿನಲ್ಲಿ ಟೇಪು ಹಿಡಿದು, ಒಂದು ಶೂ ತುದಿಯಿಂದ ಇನ್ನೊಂದು ಶೂ ತುದಿಗೆ ಅಳೆದೆ. ಇನ್ನೊಂದು ಸಲ ಅಳೆದೆ. ಎರಡು ಸಲವೂ ಅಷ್ಟೇ ಬಂತು. ಹನ್ನೊಂದೂವರೆ ಸೆಂಟಿಮೀಟರು.